ಬಾಣಂತಿಯ ಖಿನ್ನತೆಗೆ ಮಾತಿನ ಚಿಕಿತ್ಸೆ: ಅಲ್ಲಿ ನಿಜವಾಗಿ ನಡೆಯುವುದೇನು?

ಹೆರಿಗೆಯಾದ ಮನೆಯಲ್ಲಿ ಮಾತಿಗೆ ಬರವಿಲ್ಲ. ತುಮಕೂರು ಜಿಲ್ಲೆಯ ಯಾವ ಊರಿಗೇ ಹೋಗಿ, ಬಾಣಂತಿಯ ಸುತ್ತ ನಾಲ್ಕು ಜನ ಮಾತಾಡುತ್ತಲೇ ಇರುತ್ತಾರೆ. ಕಿವಿಗೆ ಹತ್ತಿ ಇಟ್ಕೋ, ತಣ್ಣೀರು ಮುಟ್ಟಬೇಡ, ಜಾಸ್ತಿ ಹೊತ್ತು ಕೂರಬೇಡ, ಕೂಸಿಗೆ ಹಾಲು ಸಾಕಾಗ್ತಿಲ್ವೇನೋ ನೋಡು. ಇಷ್ಟೆಲ್ಲ ಮಾತಿನ ನಡುವೆ 'ನಿನಗೆ ಹೇಗಿದೆ?' ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೂ ಸುಮ್ಮನೆ ಕೂರುವವರು ಕಡಿಮೆ. ಹಾಗಾಗಿ 'ಈ ಖಿನ್ನತೆಗೆ ಮಾತಿನ ಚಿಕಿತ್ಸೆ ಇದೆ' ಎಂದರೆ ಮನೆಯವರು ನಂಬುವುದಿಲ್ಲ. 'ನಾವೂ ಮಾತಾಡ್ತಾನೇ ಇದೀವಲ್ಲ, ಧೈರ್ಯ ಹೇಳ್ತಾನೇ ಇದೀವಲ್ಲ' ಅಂತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಮನೆಮಂದಿಯ ಮಾತಿಗೂ ಈ ಚಿಕಿತ್ಸೆಗೂ ಏನು ವ್ಯತ್ಯಾಸ ಎಂದು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ, ಅಷ್ಟೇ.

ಮೊದಲು ಕಾಯಿಲೆಯ ಬಗ್ಗೆ. ಹೆರಿಗೆಯಾದ ಎರಡು ಮೂರನೇ ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು, ಸಣ್ಣ ಮಾತಿಗೂ ಮನಸ್ಸು ಕಲಕುವುದು ಅರ್ಧಕ್ಕೂ ಹೆಚ್ಚು ತಾಯಂದಿರಿಗೆ ಆಗುತ್ತದೆ. ಗರ್ಭದಲ್ಲಿ ಏರಿದ್ದ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಧಡ್ ಅಂತ ಇಳಿಯುತ್ತವೆ. ಅದರ ಮೇಲೆ ನಿದ್ದೆ ಇಲ್ಲ, ಮೈಯೆಲ್ಲ ನೋವು. ಇದು ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಇದಕ್ಕೆ ಔಷಧಿ ಬೇಡ, ವಿಶ್ರಾಂತಿ ಮತ್ತು ಆಸರೆ ಸಾಕು.

ಖಿನ್ನತೆ ಬೇರೆ. ಅದು ಎರಡು ವಾರ ದಾಟಿದರೂ ಬಿಡುವುದಿಲ್ಲ. ಹೆರಿಗೆಗೆ ಮೊದಲೇ ಶುರುವಾಗಬಹುದು, ಮಗುವಿಗೆ ಆರು ತಿಂಗಳು ತುಂಬಿದ ಮೇಲೂ ಕಾಣಿಸಿಕೊಳ್ಳಬಹುದು. ಕೂಸು ಮಲಗಿದ್ದರೂ ಅವಳಿಗೆ ನಿದ್ದೆ ಹತ್ತುವುದಿಲ್ಲ. ಊಟ ಸೇರುವುದಿಲ್ಲ. ಮಗುವನ್ನು ಎತ್ತಿಕೊಂಡರೆ ಏನೂ ಅನ್ನಿಸುವುದಿಲ್ಲ, ಅನ್ನಿಸುತ್ತಿಲ್ಲವಲ್ಲ ಎಂಬ ಅಪರಾಧಭಾವ ಮಾತ್ರ ಬೆಳೆಯುತ್ತಾ ಹೋಗುತ್ತದೆ. ನಮ್ಮ ಕಡೆ ಹೆಂಗಸರು 'ನನಗೆ ಖಿನ್ನತೆ' ಅಂತ ಹೇಳುವುದಿಲ್ಲ. ಎದೆ ಭಾರ, ತಲೆ ದಿಮ್ಮೆನ್ನುತ್ತೆ, ಕೈಕಾಲಲ್ಲಿ ಶಕ್ತಿಯೇ ಇಲ್ಲ, ಯಾವುದೂ ಬೇಡ ಅನ್ಸುತ್ತೆ ಅಂತಾರೆ. ಮನೆಯವರು ರಕ್ತ ಕಡಿಮೆಯಾಗಿದೆ ಅಂದುಕೊಳ್ಳುತ್ತಾರೆ, ಇಲ್ಲವೇ ದೃಷ್ಟಿ ತೆಗೆಯುತ್ತಾರೆ. ರಕ್ತಹೀನತೆಯನ್ನೂ ಥೈರಾಯ್ಡನ್ನೂ ಪರೀಕ್ಷಿಸುವುದು ಒಳ್ಳೆಯದೇ. ಎರಡೂ ಇದೇ ರೀತಿಯ ಸುಸ್ತನ್ನು ತರಬಲ್ಲವು. ಆದರೆ ಆ ವರದಿ ಸರಿಯಾಗಿ ಬಂದ ತಕ್ಷಣ 'ನಿನಗೇನೂ ಆಗಿಲ್ಲ' ಎಂದು ಕೈತೊಳೆದುಕೊಂಡರೆ ನಿಜವಾದ ಕಾಯಿಲೆ ಅಲ್ಲೇ ಉಳಿಯುತ್ತದೆ.

ಇದು ಅಪರೂಪದ್ದೇನಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ವಿಶ್ಲೇಷಣೆಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಹೆತ್ತ ತಾಯಂದಿರಲ್ಲಿ ಸುಮಾರು ಶೇ. 22ರಷ್ಟು ಮಂದಿಗೆ ಖಿನ್ನತೆ ಇರುತ್ತದೆ. ಅಂದರೆ ಐವರಲ್ಲಿ ಒಬ್ಬರಿಗೆ. ಒಂದು ಊರಿನ ಅಂಗನವಾಡಿಯಲ್ಲಿ ಲಸಿಕೆ ದಿನ ಹತ್ತು ತಾಯಂದಿರು ಕೂತಿದ್ದರೆ, ಅವರಲ್ಲಿ ಇಬ್ಬರು ಇದನ್ನು ಒಳಗೇ ನುಂಗಿಕೊಂಡು ಕೂತಿರಬಹುದು.

ಇದನ್ನು ಪತ್ತೆ ಮಾಡಲು ರಕ್ತ ಪರೀಕ್ಷೆ ಇಲ್ಲ. ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ. ಸ್ಕಾಟ್ಲೆಂಡ್‌ನ ಎಡಿನ್‌ಬರೋ ಊರಿನ ಹೆಸರಿರುವ ಈ ಪಟ್ಟಿ 1987ರಲ್ಲಿ ಪ್ರಕಟವಾಯಿತು. ಈಗ ಕನ್ನಡದಲ್ಲೂ ಬಳಕೆಯಲ್ಲಿದೆ. ಕಳೆದ ಏಳು ದಿನಗಳಲ್ಲಿ ನಗು ಬಂತಾ, ಮುಂದಿನದನ್ನು ನೆನೆದು ಖುಷಿ ಅನ್ನಿಸಿತಾ, ವಿನಾಕಾರಣ ನಿಮ್ಮನ್ನೇ ಬೈದುಕೊಂಡಿರಾ, ಇಂಥವು. ಪ್ರತಿ ಉತ್ತರಕ್ಕೆ 0ರಿಂದ 3 ಅಂಕ, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಹೆಚ್ಚು ಬಂದರೆ ವೈದ್ಯರು ಕೂಡಲೇ ವಿವರವಾಗಿ ವಿಚಾರಿಸಬೇಕು. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಅದೊಂದಕ್ಕೆ 'ಬಂದಿತ್ತು' ಎಂಬ ಉತ್ತರ ಬಂದರೆ ಆ ತಾಯಿಯನ್ನು ಅವತ್ತೇ ನೋಡಬೇಕು.

ಈಗ ಚಿಕಿತ್ಸೆಗೆ ಬರೋಣ. ಖಿನ್ನತೆ ಸೌಮ್ಯವಾಗಿ ಅಥವಾ ಮಧ್ಯಮವಾಗಿದ್ದರೆ, ಹಾಲೂಡಿಸುವ ತಾಯಿಗೆ ಮೊದಲು ಕೊಡಬೇಕಾದದ್ದು ಮಾತಿನ ಚಿಕಿತ್ಸೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಎಂಟರಿಂದ ಹದಿನಾರು ಸಲ. ಅದಕ್ಕೊಂದು ಶುರು ಇದೆ, ಗುರಿ ಇದೆ, ಮುಗಿಯುವ ದಿನವೂ ಇದೆ. ಚಿಕಿತ್ಸಕರು ಸಮಾಧಾನ ಹೇಳಲು ಕೂತಿರುವುದಿಲ್ಲ. 'ಎಲ್ಲಾ ಸರಿ ಹೋಗುತ್ತೆ ಬಿಡಮ್ಮ' ಎನ್ನುವ ಮಾತು ಅಲ್ಲಿ ಬರುವುದೇ ಇಲ್ಲ ಎನ್ನಬಹುದು. ಅಲ್ಲಿ ಕೇಳಿದ್ದು ಮನೆಗೆ ಹೋಗುವುದಿಲ್ಲ, ಅತ್ತೆಯ ಕಿವಿಗೂ ಬೀಳುವುದಿಲ್ಲ. ಜೀವಕ್ಕೆ ಅಪಾಯ ಎನಿಸಿದರೆ ಮಾತ್ರ ಬೇರೆಯವರಿಗೆ ತಿಳಿಸುತ್ತಾರೆ, ಅದನ್ನೂ ಮೊದಲೇ ಹೇಳಿರುತ್ತಾರೆ.

ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನವನ್ನು ಚುಟುಕಾಗಿ ಸಿಬಿಟಿ ಎನ್ನುತ್ತಾರೆ. ಯೋಚನೆ, ಭಾವನೆ, ನಡವಳಿಕೆ ಮೂರೂ ಒಂದನ್ನೊಂದು ಎಳೆಯುತ್ತವೆ ಎಂಬುದು ಅದರ ಆಧಾರ. ಮಧುಗಿರಿ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ರಾತ್ರಿ ಎರಡು ಗಂಟೆ. ಕೂಸು ಅಳುತ್ತಿದೆ. ತಾಯಿಗೆ ಮೊದಲು ಹೊಳೆಯುವುದು 'ನನ್ನ ಹಾಲು ಸಾಲುತ್ತಿಲ್ಲ, ನಾನು ಕೆಟ್ಟ ತಾಯಿ'. ಎದೆ ಕುಸಿಯುತ್ತದೆ. ಕೈ ಮುಂದೆ ಹೋಗುವುದಿಲ್ಲ. ಅವಳ ಅಮ್ಮ ಎದ್ದು ಕೂಸನ್ನು ಎತ್ತಿಕೊಂಡು ತಟ್ಟುತ್ತಾರೆ, ಅದು ಸುಮ್ಮನಾಗುತ್ತದೆ. ತಾಯಿಯ ತಲೆಯಲ್ಲಿ ಮತ್ತೊಂದು ಯೋಚನೆ: 'ನೋಡು, ನನ್ನ ಕೈಲಿ ಆಗೋದೇ ಇಲ್ಲ'. ಮರುದಿನ ಕೂಸು ಅತ್ತಾಗ ಅವಳು ಇನ್ನೂ ಹಿಂದೆ ಸರಿಯುತ್ತಾಳೆ. ಹೀಗೆ ನಾಲ್ಕು ವಾರ ನಡೆದರೆ ಆ ಯೋಚನೆ ಅವಳ ಪಾಲಿಗೆ ಸತ್ಯವೇ ಆಗಿಬಿಡುತ್ತದೆ.

ಚಿಕಿತ್ಸಕಿ ಈ ಇಡೀ ಸರಪಳಿಯನ್ನು ಅವಳ ಜೊತೆ ಕೂತು ಕಾಗದದ ಮೇಲೆ ಬಿಡಿಸುತ್ತಾರೆ. ಆಮೇಲೆ ಒಂದೊಂದೇ ಕೊಂಡಿಯನ್ನು ಪರೀಕ್ಷೆಗೆ ಒಡ್ಡುತ್ತಾರೆ. 'ಹಾಲು ಸಾಲುತ್ತಿಲ್ಲ ಅನ್ನುವುದು ಹೇಗೆ ಗೊತ್ತಾಯಿತು?' 'ಅತ್ತೆ ಹೇಳಿದರು, ಕೂಸು ಅಳುತ್ತೆ.' 'ಆಶಾ ಕಾರ್ಯಕರ್ತೆ ತೂಕ ಹಾಕಿ ಬರೆದಿದ್ದಾರಲ್ಲ, ಎಷ್ಟಿದೆ ನೋಡೋಣ?' ಮೊದಲ ವಾರ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಸಾಮಾನ್ಯವಾಗಿ ಹುಟ್ಟಿದಾಗಿನ ತೂಕಕ್ಕೆ ಬರುತ್ತದೆ, ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತದೆ. ಕಾರ್ಡಿನಲ್ಲಿ ತೂಕ ಏರಿದೆ, ಕೂಸು ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದೆ ಎಂದಾದರೆ ಹಾಲು ಸಾಲುತ್ತಿದೆ. ಈ ತೀರ್ಮಾನಕ್ಕೆ ಅವಳೇ ಬರಬೇಕು. ಚಿಕಿತ್ಸಕಿ ಹೇಳಿಕೊಟ್ಟರೆ ಅದೂ ಇನ್ನೊಂದು ಉಪದೇಶವಾಗುತ್ತದೆ. ಅಕಸ್ಮಾತ್ ತೂಕ ಏರಿಲ್ಲವೆಂದರೆ? ಆಗ ಅದು ಪರಿಹರಿಸಬೇಕಾದ ಒಂದು ಸಮಸ್ಯೆ. ಹಾಲೂಡಿಸುವ ಭಂಗಿ ಸರಿ ಮಾಡಬೇಕು, ವೈದ್ಯರಿಗೆ ತೋರಿಸಬೇಕು. ಹೇಗೇ ಆದರೂ 'ನಾನು ಕೆಟ್ಟ ತಾಯಿ' ಎಂಬುದಕ್ಕೆ ಅದು ಸಾಕ್ಷಿ ಆಗುವುದಿಲ್ಲ. ಒಳ್ಳೆಯದನ್ನೇ ಯೋಚಿಸು ಅನ್ನುವುದಕ್ಕೂ ಇದಕ್ಕೂ ಬಹಳ ದೂರ ಇದೆ, ಅಲ್ವಾ?

ಯೋಚನೆಯ ಜೊತೆಗೆ ನಡವಳಿಕೆಯ ಕಡೆಯಿಂದಲೂ ಕೆಲಸ ನಡೆಯುತ್ತದೆ. ಖಿನ್ನತೆ ಬಂದಾಗ ಮನುಷ್ಯ ಒಂದೊಂದಾಗಿ ಎಲ್ಲವನ್ನೂ ಬಿಡುತ್ತಾ ಹೋಗುತ್ತಾನೆ. ಬಿಟ್ಟಷ್ಟೂ ಖುಷಿ ಕಡಿಮೆ, ಖುಷಿ ಕಡಿಮೆಯಾದಷ್ಟೂ ಬಿಡುವುದು ಜಾಸ್ತಿ. 'ಮನಸ್ಸು ಸರಿಯಾದ ಮೇಲೆ ಮಾಡ್ತೀನಿ' ಎಂದು ಕಾದರೆ ಆ ದಿನ ಬರುವುದಿಲ್ಲ. ಹಾಗಾಗಿ ಮೊದಲು ಮಾಡುವುದು, ಮನಸ್ಸು ಹಿಂದೆ ಬರುತ್ತದೆ ಎಂಬ ಕ್ರಮ. ಬೆಳಗ್ಗೆ ಹತ್ತು ನಿಮಿಷ ಅಂಗಳದ ಬಿಸಿಲಲ್ಲಿ ಕೂಸನ್ನು ಹಿಡಿದು ಕೂರುವುದು, ಒಬ್ಬ ಗೆಳತಿಗೆ ಫೋನ್ ಮಾಡುವುದು, ತಲೆ ಬಾಚಿಕೊಳ್ಳುವುದು. ಕೇಳಲು ಸಣ್ಣದು. ಆದರೆ ಕತ್ತಲ ಕೋಣೆಯಲ್ಲಿ ತಿಂಗಳು ಕಳೆದವಳಿಗೆ ಆ ಹತ್ತು ನಿಮಿಷ ಸಣ್ಣದಲ್ಲ. ಮುಂದಿನ ವಾರ ಅದು ನಡೆಯಿತೇ, ನಡೆಯದಿದ್ದರೆ ಯಾವುದು ಅಡ್ಡ ಬಂತು ಎಂದು ಮತ್ತೆ ನೋಡುತ್ತಾರೆ. ಬಾಣಂತಿ ಹೊರಗೆ ಬರಬಾರದು ಎಂಬ ಕಟ್ಟು ಅಡ್ಡ ಬಂದಿದ್ದರೆ, ಅಜ್ಜಿಯ ಜೊತೆ ಜಗಳವಾಡದೆ ಕಿಟಕಿಯ ಬಳಿ ಮಂಚ ಎಳೆದುಕೊಳ್ಳುವ ದಾರಿ ಹುಡುಕುತ್ತಾರೆ.

ಇನ್ನೊಂದು ವಿಧಾನ ಸಂಬಂಧಗಳ ಮೇಲೆ ನಿಂತದ್ದು. ಇದನ್ನು ಐಪಿಟಿ ಎನ್ನುತ್ತಾರೆ. ಅಮೆರಿಕದ ಜೆರಾಲ್ಡ್ ಕ್ಲರ್ಮನ್ ಮತ್ತು ಮಿರ್ನಾ ವೈಸ್‌ಮನ್ 1970ರ ದಶಕದಲ್ಲಿ ರೂಪಿಸಿದ್ದು. ನನ್ನ ಮಟ್ಟಿಗೆ ನಮ್ಮ ಬಾಣಂತಿಯರ ಬದುಕಿಗೆ ಇದು ಅಳತೆ ತೆಗೆದು ಹೊಲಿದಂತಿದೆ. ಇದು ನಾಲ್ಕು ಕಡೆ ಕಣ್ಣಿಡುತ್ತದೆ. ಜೀವನದಲ್ಲಿ ಪಾತ್ರವೇ ಬದಲಾದದ್ದು, ಹತ್ತಿರದವರ ಜೊತೆಗಿನ ತಿಕ್ಕಾಟ, ಕಳೆದುಕೊಂಡವರ ದುಃಖ, ಆಸರೆಯಿಲ್ಲದ ಒಂಟಿತನ. ಈಗ ನಮ್ಮಲ್ಲಿ ಏನಾಗುತ್ತದೆ ನೋಡಿ. ಏಳನೇ ತಿಂಗಳಿಗೋ ಒಂಬತ್ತಕ್ಕೋ ಅವಳು ತವರಿಗೆ ಬರುತ್ತಾಳೆ. ಅಮ್ಮ ಎರೆಯುತ್ತಾರೆ, ಸಾಂಬ್ರಾಣಿ ಹಾಕುತ್ತಾರೆ, ಊಟ ಕೈಗೆ ಬರುತ್ತದೆ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಕೂಸಿನ ಜೊತೆ ಗಂಡನ ಮನೆಗೆ ವಾಪಸ್. ಒಂದೇ ದಿನದಲ್ಲಿ ಅವಳು ಮಗಳಿಂದ ಸೊಸೆಯಾಗುತ್ತಾಳೆ, ಅಡುಗೆ ಮನೆ ಕಾಯುತ್ತಿರುತ್ತದೆ, ರಾತ್ರಿ ಕೂಸೂ ಅವಳದ್ದೇ. ಬಾಣಂತನ ಚೆನ್ನಾಗಿಯೇ ನಡೆದ ಎಷ್ಟೋ ಹೆಣ್ಣುಮಕ್ಕಳು ಕುಸಿಯುವುದು ಈ ತಿರುವಿನಲ್ಲಿ. ಆಗ ಯಾರೂ ಅದನ್ನು ಹೆರಿಗೆಗೆ ಜೋಡಿಸಿ ನೋಡುವುದಿಲ್ಲ. 'ತವರಿನ ಚಾಳಿ, ಮೈಗಳ್ಳತನ' ಎನ್ನುತ್ತಾರೆ.

ಐಪಿಟಿಯಲ್ಲಿ ಈ ತಿರುವನ್ನೇ ಎದುರಿಗಿಟ್ಟುಕೊಳ್ಳುತ್ತಾರೆ. ಹಳೆಯ ಬದುಕಿನಲ್ಲಿ ಏನಿತ್ತು, ಏನು ಹೋಯಿತು, ಅದಕ್ಕೆ ದುಃಖಪಡುವ ಹಕ್ಕು ನಿನಗಿದೆ, ಹೊಸದರಲ್ಲಿ ನಿನ್ನ ಪಾಲಿಗೆ ಬಂದದ್ದೇನು. ಆಮೇಲೆ ಬಹಳ ವ್ಯಾವಹಾರಿಕ ಕೆಲಸ. ಗಂಡನಿಗೆ 'ನೀವು ನನ್ನ ನೋಡ್ಕೊಳ್ಳೋದೇ ಇಲ್ಲ' ಎಂದು ಹೇಳಿದರೆ ಜಗಳವಾಗುತ್ತದೆ. 'ರಾತ್ರಿ ಹನ್ನೊಂದರಿಂದ ಎರಡರವರೆಗೆ ಕೂಸನ್ನು ನೀವು ನೋಡ್ಕೊಳ್ಳಿ, ನಾನು ಮೂರು ಗಂಟೆ ಒಂದೇ ಸಮನೆ ಮಲಗಬೇಕು' ಎಂದು ಹೇಳಿದರೆ ಅವನಿಗೆ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಆ ಮಾತನ್ನು ಹೇಳುವುದು ಹೇಗೆ, ಅವನು ಹೀಗೆಂದರೆ ಏನು ಹೇಳಬೇಕು ಎಂದು ಚಿಕಿತ್ಸಕಿಯೇ ಗಂಡನ ಪಾತ್ರ ಮಾಡಿ ಅಭ್ಯಾಸ ಮಾಡಿಸುತ್ತಾರೆ. ಬೇಕೆಂದರೆ, ಅವಳು ಒಪ್ಪಿದರೆ, ಗಂಡನನ್ನೂ ಒಂದೆರಡು ಸಲ ಕರೆಸುತ್ತಾರೆ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬಡತನ ಮತ್ತು ಗಂಡನ ಹಿಂಸೆಯ ಜೊತೆಗೆ, ಹುಟ್ಟಿದ್ದು ಹೆಣ್ಣು ಎಂಬುದೂ ತಾಯಿಯ ಖಿನ್ನತೆಯ ಅಪಾಯಕ್ಕೆ ಸೇರುತ್ತದೆ ಎಂದು ತೋರಿಸಿತು. ಎರಡನೆಯದೂ ಹೆಣ್ಣಾದಾಗ ನೋಡಲು ಬಂದವರ ಮುಖ ಹೇಗಾಗುತ್ತದೆ ಎಂದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಹೊಡೆಯುವ ಗಂಡ, ಹೆಣ್ಣೆಂದು ಮೂಗು ಮುರಿಯುವ ಮನೆ ಇದ್ದಾಗ ತಾಯಿಯ ಯೋಚನೆಯಲ್ಲಿ ತಪ್ಪಿಲ್ಲ, ಮನೆಯಲ್ಲಿ ತಪ್ಪಿದೆ. ಒಳ್ಳೆಯ ಚಿಕಿತ್ಸಕರು ಅಂಥವಳಿಗೆ 'ಬೇರೆ ರೀತಿ ಯೋಚಿಸು' ಎನ್ನುವುದಿಲ್ಲ. ಅವಳ ಸುರಕ್ಷತೆಯನ್ನು ಮೊದಲು ನೋಡುತ್ತಾರೆ. ಯಾರಾದರೂ ಆಪ್ತಸಮಾಲೋಚಕರು 'ಹೊಂದಿಕೊಂಡು ಹೋಗಮ್ಮ' ಎಂದು ಕಳಿಸಿದರೆ ಅದು ಚಿಕಿತ್ಸೆ ಅಲ್ಲ, ಬೇರೆಯವರನ್ನು ಹುಡುಕಿ.

ಇದೆಲ್ಲ ಓದಿದವರಿಗೆ, ಪೇಟೆಯವರಿಗೆ ಎಂದು ಅನುಮಾನ ಬರಬಹುದು. ಅದಕ್ಕೆ ಉತ್ತರ ಸಿಕ್ಕಿದ್ದು ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ. ಅಲ್ಲಿ ನಮ್ಮ ಆಶಾಗಳಂಥ ಆರೋಗ್ಯ ಕಾರ್ಯಕರ್ತೆಯರಿಗೆ ಸಿಬಿಟಿಯ ಸರಳ ರೂಪವನ್ನು ಕಲಿಸಲಾಯಿತು. ಚಿತ್ರಗಳಿರುವ ಪುಸ್ತಕ ಹಿಡಿದು ಅವರು ಮನೆಗಳಿಗೇ ಹೋದರು. ಗರ್ಭಿಣಿಯ ಕೊನೆಯ ತಿಂಗಳಿಂದ ಶುರು ಮಾಡಿ ಒಟ್ಟು 16 ಭೇಟಿ. ಸುಮಾರು 900 ತಾಯಂದಿರ ಈ ಅಧ್ಯಯನ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎಲ್ಲರೂ ಶುರುವಿನಲ್ಲಿ ಖಿನ್ನತೆ ಇದ್ದವರೇ. ಮಗುವಿಗೆ ಆರು ತಿಂಗಳಾದಾಗ, ಬರೀ ಮಾಮೂಲಿ ಭೇಟಿ ಪಡೆದವರಲ್ಲಿ ಶೇ. 53 ಮಂದಿಗೆ ಖಿನ್ನತೆ ಉಳಿದಿತ್ತು. ಈ ಚಿಕಿತ್ಸೆ ಪಡೆದವರಲ್ಲಿ ಅದು ಶೇ. 23. ಈ ಕಾರ್ಯಕರ್ತೆಯರು ಮನೋವೈದ್ಯರಾಗಿರಲಿಲ್ಲ. ಇನ್ನೊಂದು ಜಾಣತನವೂ ಅದರಲ್ಲಿತ್ತು. ಮನೆಯ ಹಿರಿಯರ ಮುಂದೆ ಅವರು ಮಾನಸಿಕ ಕಾಯಿಲೆಯ ಮಾತೆತ್ತಲಿಲ್ಲ, ಮಗು ಚೆನ್ನಾಗಿ ಬೆಳೆಯಬೇಕೆಂದರೆ ತಾಯಿ ಚೆನ್ನಾಗಿರಬೇಕು ಎಂದರು. ಅದಕ್ಕೆ ಬೇಡ ಎನ್ನುವ ಅತ್ತೆ ಎಲ್ಲಿದ್ದಾರೆ? ಈ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೈಪಿಡಿಯಾಗಿ ಹೊರತಂದಿತು. ಆಮೇಲೆ ಗೋವಾದಲ್ಲಿ ನೆರೆಹೊರೆಯ ಸಾಮಾನ್ಯ ಹೆಂಗಸರಿಂದ ಮಾಡಿಸಿ ನೋಡಿದಾಗ ಲಾಭ ಅಷ್ಟು ದೊಡ್ಡದಾಗಿರಲಿಲ್ಲ, ಆದರೂ ಚೇತರಿಸಿಕೊಂಡವರು ಹೆಚ್ಚಿದ್ದರು.

ನಮ್ಮಲ್ಲೂ ದಾರಿ ಅರ್ಧ ಹಾಕಿಯೇ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಕೂಸಿನ ತೂಕ, ಜ್ವರ, ಹೊಕ್ಕುಳು ನೋಡುತ್ತಾರೆ. ಆ 42ನೇ ದಿನ ಆ ಹತ್ತು ಪ್ರಶ್ನೆಗಳನ್ನು ತಾಯಿಗೆ ಕೇಳಲು ಹತ್ತು ನಿಮಿಷ ಸಾಕು. ಆಶಾಗಳ ತಲೆ ಮೇಲೆ ಈಗಾಗಲೇ ಎಷ್ಟು ಕೆಲಸ, ಎಷ್ಟು ಕಡಿಮೆ ಗೌರವಧನ ಎಂದು ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ. ಹೊಸ ಕೆಲಸಕ್ಕೆ ತರಬೇತಿಯನ್ನೂ ಹಣವನ್ನೂ ಕೊಟ್ಟೇ ಕೇಳಬೇಕು.

ಸದ್ಯಕ್ಕೆ ಎಲ್ಲಿ ಹೋಗಬಹುದು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತುಮಕೂರಿನಲ್ಲಿದೆ. ಕರ್ನಾಟಕದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಕೈಗೂಸು ಹಿಡಿದು ಬಸ್ಸಿನಲ್ಲಿ ವಾರ ವಾರ ಬರಲು ಯಾರಿಗೆ ಸಾಧ್ಯ? ಅಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದುಡ್ಡಿಲ್ಲ, ದಿನದ 24 ಗಂಟೆ ಸಿಗುತ್ತದೆ. ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ. ಪಾವಗಡದ ಎಷ್ಟೋ ಮನೆಗಳಲ್ಲಿ ಒಳಗಿನ ಮಾತು ತೆಲುಗೇ. ಅಳು ಬರುವ ಭಾಷೆಯಲ್ಲೇ ಈ ಚಿಕಿತ್ಸೆ ನಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ಪ್ರತ್ಯೇಕ ಘಟಕವೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. 'ಆಸ್ಪತ್ರೆಗೆ ಹೋದರೆ ಮಗು ಕಿತ್ಕೋತಾರೆ' ಎಂದು ಹೆದರಿ ಕೂತವರಿಗೆ ಇದನ್ನು ದಯವಿಟ್ಟು ತಿಳಿಸಿ.

ಫೋನಿನಲ್ಲಾಗಲಿ ಎದುರಿನಲ್ಲಾಗಲಿ, ಅವಳಿಗೆ ಒಂಟಿಯಾಗಿ ಮಾತಾಡುವ ಜಾಗ ಬೇಕು. ಬಾಣಂತಿಯನ್ನು ಒಬ್ಬಳೇ ಬಿಡಬಾರದು ಎಂಬ ನಂಬಿಕೆಯಿಂದ ಯಾರಾದರೊಬ್ಬರು ಪಕ್ಕದಲ್ಲೇ ಇರುತ್ತಾರೆ. ಅತ್ತೆ ಕೂತಿದ್ದರೆ ಸೊಸೆ 'ಚೆನ್ನಾಗಿದೀನಿ' ಅಂತಲೇ ಹೇಳುತ್ತಾಳೆ. ಮನೆಯವರು ಆ ಒಂದು ಗಂಟೆ ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಹೋಗಲಿ. ಮೊದಲ ಒಂದೆರಡು ಸಲ ಮಾತಾಡಿ ಬಂದ ಮೇಲೆ ಅಳು ಹೆಚ್ಚಬಹುದು. ಅದನ್ನು ನೋಡಿ 'ಹೋಗಿ ಬಂದ ಮೇಲೆ ಇನ್ನೂ ಕೆಟ್ಟಳು' ಎಂದು ನಿಲ್ಲಿಸಬೇಡಿ. ನಾಲ್ಕೈದು ಭೇಟಿಯ ನಂತರವೂ ನಿದ್ದೆ, ಊಟ, ಮನಸ್ಸು ಯಾವುದರಲ್ಲೂ ಬದಲಾವಣೆ ಇಲ್ಲದಿದ್ದರೆ ಚಿಕಿತ್ಸಕರ ಜೊತೆ ಅದನ್ನೇ ಮಾತಾಡಬೇಕು. ಖಿನ್ನತೆ ತೀವ್ರವಾಗಿದ್ದರೆ ಮಾತ್ರೆ ಬೇಕೇ ಬೇಕಾಗುತ್ತದೆ. ಸರ್ಟ್ರಾಲಿನ್‌ನಂಥ ಔಷಧಿ ಎದೆಹಾಲಿಗೆ ಸೇರುವುದು ಬಹಳ ಕಡಿಮೆ, ವೈದ್ಯರ ಸಲಹೆಯ ಮೇಲೆ ತೆಗೆದುಕೊಂಡು ಹಾಲೂಡಿಸಬಹುದು. ಮಾತ್ರೆ ಶುರುವಾಯಿತೆಂದು ಮಾತಿನ ಚಿಕಿತ್ಸೆ ಬಿಡಬೇಕಿಲ್ಲ, ಎರಡೂ ಜೊತೆಗೆ ನಡೆಯುತ್ತವೆ.

ಒಂದು ಸ್ಥಿತಿಯಲ್ಲಿ ಮಾತ್ರ ಮಾತಿನ ಚಿಕಿತ್ಸೆಗೆ ಕಾಯಬಾರದು. ಸಾವಿರಕ್ಕೆ ಒಬ್ಬಿಬ್ಬರು ತಾಯಂದಿರಿಗೆ ಹೆರಿಗೆಯಾದ ಮೊದಲ ವಾರಗಳಲ್ಲೇ ಬುದ್ಧಿ ದಿಕ್ಕು ತಪ್ಪುತ್ತದೆ. ದಿನಗಟ್ಟಲೆ ನಿದ್ದೆ ಇಲ್ಲದಿದ್ದರೂ ಸುಸ್ತಿಲ್ಲ, ಯಾರೋ ಕಿವಿಯಲ್ಲಿ ಮಾತಾಡುತ್ತಾರೆ, ಇದು ನನ್ನ ಕೂಸೇ ಅಲ್ಲ ಎನ್ನುತ್ತಾಳೆ. ಹಳಬರು ಇದನ್ನು ಬಾಣಂತಿ ಸನ್ನಿ ಎಂದು ಗುರುತಿಸುತ್ತಿದ್ದರು, ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಿದ್ದರು. ಇದು ತುರ್ತು ಸ್ಥಿತಿ. ಸಾಯುವ ಮಾತಾಡಿದರೂ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂದರೂ ಹಾಗೆಯೇ. ಅವಳನ್ನೂ ಕೂಸನ್ನೂ ಒಂಟಿ ಬಿಡದೆ, 108ಕ್ಕೆ ಫೋನ್ ಮಾಡಿ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಇದರಿಂದಲೂ ಚೆನ್ನಾಗಿ ಗುಣವಾಗುತ್ತಾರೆ.

ಒಮ್ಮೆ ಖಿನ್ನತೆ ಬಂದವಳಿಗೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಾಧ್ಯತೆ ಹೆಚ್ಚು. ಇಲ್ಲಿ ಮಾತಿನ ಚಿಕಿತ್ಸೆಗೆ ಇನ್ನೊಂದು ಉಪಯೋಗ ಇದೆ. ಅಪಾಯ ಇರುವ ಗರ್ಭಿಣಿಯರಿಗೆ ಹೆರಿಗೆಗೆ ಮೊದಲೇ ಸಿಬಿಟಿ ಅಥವಾ ಐಪಿಟಿ ಕೊಟ್ಟರೆ ಖಿನ್ನತೆ ಬರುವುದೇ ಕಡಿಮೆಯಾಗುತ್ತದೆ. ಅಮೆರಿಕದ ರೋಗತಡೆ ತಜ್ಞರ ಸಮಿತಿ ಅಧ್ಯಯನಗಳನ್ನೆಲ್ಲ ನೋಡಿ, 2019ರಲ್ಲಿ ಇಂಥ ಸಮಾಲೋಚನೆಯನ್ನು ಶಿಫಾರಸು ಮಾಡಿತು. ಅದರ ಲೆಕ್ಕದಲ್ಲಿ ಅಪಾಯ ಶೇ. 39ರಷ್ಟು ಇಳಿದಿತ್ತು. ಹಾಗಾಗಿ ಎರಡನೇ ಸಲ ತಾಯಿ ಕಾರ್ಡ್ ಮಾಡಿಸುವಾಗ ಸಕ್ಕರೆ, ಬಿಪಿ ಬಗ್ಗೆ ಹೇಳುವಂತೆ 'ಹಿಂದಿನ ಸಲ ಮನಸ್ಸಿಗೆ ಹೀಗಾಗಿತ್ತು' ಎಂಬುದನ್ನೂ ಹೇಳಿ, ಕಾರ್ಡಿನಲ್ಲಿ ಬರೆಸಿ. ಮಾತಿನ ಚಿಕಿತ್ಸೆಯ ಮೊದಲ ಭೇಟಿ ಯಾವತ್ತು ಎಂದು ಏಳನೇ ತಿಂಗಳಿಗೆ ಕಾಯದೆ ಆಗಲೇ ಕೇಳಿಕೊಳ್ಳಿ.